ಹನ್ನೊಂದು ಕಾಲಂ ಇದ್ದ ನೋಟ್‌ಬುಕ್ ಮುಚ್ಚಿಟ್ಟಿದೀನಿ. ಇದರಲ್ಲಿ ಯಾವುದು ನಿಜಕ್ಕೂ ನಂದು?

ಖಾಲಿಪುಟ:

ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಹೋದ ಮಂಗಳವಾರ ರಾತ್ರಿ 11:35. ಮನೆಯವರೆಲ್ಲ ಮಲಗಿದ್ರು. ನಾನು ಹಾಲ್‌ನಲ್ಲಿ ಲೈಟ್ ಹಾಕದೆ ಸೋಫಾದಿಂದ ಬಾಗಿಲಿಗೆ, ಬಾಗಿಲಿಂದ ಸೋಫಾಗೆ ಓಡಾಡ್ತಿದ್ದೆ. ವಾಚ್ 8,660 ತೋರಿಸ್ತಿತ್ತು. ಹನ್ನೆರಡರೊಳಗೆ ಇನ್ನೂ 1,340 ಹೆಜ್ಜೆ ಆಗ್ಬೇಕು. ನೀರು ಕುಡಿಯೋಕೆ ಎದ್ದ ಮಗಳು ಕತ್ತಲಲ್ಲಿ ನನ್ನನ್ನ ನೋಡಿ ಬೆಚ್ಚಿಬಿದ್ದು, "ಅಮ್ಮಾ, ಯಾರಿಗೆ ಏನಾಯ್ತು?" ಅಂದಳು. ಅವಳಿಗೆ ಒಂಬತ್ತು ವರ್ಷ. ದೊಡ್ಡವರು ನಡುರಾತ್ರಿ ಹಾಗೆ ಓಡಾಡೋದು ಯಾರಿಗೋ ಏನೋ ಆದಾಗ ಮಾತ್ರ ಅಂತ ಅವಳ ಲೆಕ್ಕ.

"ಏನಿಲ್ಲ ಪುಟ್ಟಾ, ಹೆಜ್ಜೆ ಮುಗಿಸ್ತಿದೀನಿ" ಅಂದೆ. ಬಾಯಿಂದ ಹೊರಗೆ ಬಿದ್ದ ಮೇಲೆ ಆ ಮಾತು ಎಷ್ಟು ವಿಚಿತ್ರ ಅಂತ ನನಗೇ ಅನ್ನಿಸ್ತು. ಆದರೂ ನಿಲ್ಲಿಸಲಿಲ್ಲ ನೋಡಿ, ನಾಚಿಕೆ ಅದಕ್ಕೆ. ಅವಳನ್ನ ಮಲಗಿಸಿ ವಾಪಸ್ ಬಂದು ಮುಗಿಸಿದೆ. 11:54.

ನನ್ನ ಹತ್ರ ಒಂದು ಚೌಕುಳಿ ಹಾಳೆಯ ನೋಟ್‌ಬುಕ್ ಇದೆ. ಐದಕ್ಕೆ ಏಳೋದು, ಹದಿನೈದು ನಿಮಿಷ ಧ್ಯಾನ, ತಣ್ಣೀರು ಸ್ನಾನ, ದಿನಚರಿ, ಕೃತಜ್ಞತೆ ಅಂತ ಮೂರು ಸಾಲು, ಇಪ್ಪತ್ತು ಪುಟ ಓದು, ಹತ್ತು ಸಾವಿರ ಹೆಜ್ಜೆ, ಭಾಷೆ ಕಲಿಸೋ ಡ್ಯುಯೊಲಿಂಗೊ ಆಪ್‌ನಲ್ಲಿ ಒಂದು ಪಾಠ, ಮೂರು ಲೀಟರ್ ನೀರು, ಇಪ್ಪತ್ತು ಪುಷ್‌ಅಪ್, ಬೆಳಿಗ್ಗೆ ಎಂಟರವರೆಗೆ ಫೋನ್ ಮುಟ್ಟದಿರೋದು. (ಧ್ಯಾನದ ಆಪ್ ಇರೋದು ಫೋನ್‌ನಲ್ಲೇ. ಎಂಟು ತಿಂಗಳು ಇದು ನನ್ನ ತಲೆಗೇ ಹೋಗಿರಲಿಲ್ಲ.) ಮಾಡಿದ್ರೆ ಹಸಿರು ಟಿಕ್, ತಪ್ಪಿದ್ರೆ ಕೆಂಪು ಚುಕ್ಕೆ. ಒಂದು ಸಾಲಿನಲ್ಲಿ ಹತ್ತು ಹಸಿರು ಇದ್ರೂ ಕಣ್ಣು ಹೋಗೋದು ಆ ಒಂದು ಕೆಂಪಿನ ಮೇಲೇ.

ಇದನ್ನೆಲ್ಲ ಯಾರೂ ನನ್ನ ಮೇಲೆ ಹೇರಿಲ್ಲ. ಬೇರೆ ಯಾರಾದ್ರೂ ಹೇರಿದ್ರೆ ಅವರನ್ನ ಬೈಕೊಂಡಾದ್ರೂ ಹಗುರ ಆಗ್ಬಹುದಿತ್ತು. ಈಗ ಪುಸ್ತಕ ಮುಚ್ಚಿ ಕಪಾಟಿನ ಮೇಲಿಟ್ಟಿದೀನಿ, ಆರು ದಿನ ಆಯ್ತು. ಪೂರ್ತಿ ಬಿಟ್ರೆ ಮೊದಲಿನ ಹಾಗೆ ಸೋಮಾರಿ ಆಗ್ತೀನೇನೋ ಅಂತ ಭಯ. ಹಿಡ್ಕೊಂಡ್ರೆ ಮೊನ್ನೆ ರಾತ್ರಿ ಥರ. ನೀವೆಲ್ಲ ಹೇಗೆ ನಿಭಾಯಿಸ್ತೀರಿ?


ಅರ್ಧದಾರಿ:

ಮೇಡಂ, ಮೊದಲು ಆ ಹತ್ತು ಸಾವಿರದ ಜಾತಕ ಕೇಳಿ. ಅದನ್ನ ಯಾವ ಡಾಕ್ಟರೂ ಬರೆದುಕೊಟ್ಟಿದ್ದಲ್ಲ. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್ ಆಯ್ತಲ್ಲ, ಮರುವರ್ಷ ಜಪಾನಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳೋ ಹೆಜ್ಜೆಮಾಪಕ ಮಾರುಕಟ್ಟೆಗೆ ಬಿಡ್ತು. ಹೆಸರು 'ಮಾನ್ಪೊ-ಕೇ', ಅಂದ್ರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಗುಂಡು ಸಂಖ್ಯೆ, ಬಾಯಲ್ಲಿ ಚೆನ್ನಾಗಿ ನಿಲ್ಲುತ್ತೆ. ಅಲ್ಲಿಂದ ಹೊರಟು ನಿಮ್ಮ ಹಾಲ್‌ವರೆಗೆ ಬಂದಿದೆ.

2019ರಲ್ಲಿ ಅಮೆರಿಕದಲ್ಲಿ ಸುಮಾರು 17,000 ವಯಸ್ಸಾದ ಹೆಂಗಸರ ಹೆಜ್ಜೆ ಲೆಕ್ಕ ಹಾಕಿದ ಅಧ್ಯಯನ ಬಂತು. ಸರಾಸರಿ ವಯಸ್ಸು 72. ದಿನಕ್ಕೆ 2,700 ಹೆಜ್ಜೆ ಇಡ್ತಿದ್ದವರಿಗಿಂತ 4,400 ಇಡ್ತಿದ್ದವರಲ್ಲಿ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. 7,500ರ ಹತ್ರ ಬರೋಷ್ಟರಲ್ಲಿ ಆ ಲಾಭದ ಗೆರೆ ಮಟ್ಟಸ ಆಗಿಬಿಟ್ಟಿತ್ತು. ನಿಮ್ಮ ವಯಸ್ಸು ಬೇರೆ, ನಿಮಗೆ ಇದೇ ಸಂಖ್ಯೆ ಅಂತ ನಾನು ಹೇಳ್ತಿಲ್ಲ. ಆದರೆ 8,660ಕ್ಕೆ ಮಲಗಿದ್ರೆ ಏನೂ ಮುಳುಗಿಹೋಗ್ತಿರಲಿಲ್ಲ.

ನಾನು? ಬಸ್ಸಲ್ಲಿ ಕೂತು ಕೈ ಅಲ್ಲಾಡಿಸಿ ಹೆಜ್ಜೆ ಏರಿಸಿದ ಮನುಷ್ಯ. ಪಕ್ಕದಲ್ಲಿದ್ದವರು "ಕೈ ನೋವಾ?" ಅಂತ ಕೇಳಿದ್ರು. ಹೌದು ಅಂದೆ.


ಗಟ್ಟಿಪಟ್ಟು:

ಎಲ್ಲರೂ ಸೇರಿ 'ಬಿಟ್ಹಾಕಿ' ಅನ್ನೋಕ್ಕೆ ಮುಂಚೆ ನನ್ನದೂ ಕೇಳಿ. ಹದಿನೆಂಟು ವರ್ಷ ಸಿಗರೇಟ್ ಸೇದಿದವನು ನಾನು. ಬಿಟ್ಟು ಆರು ವರ್ಷ. ಬಿಟ್ಟಿದ್ದು ಯಾವ ಜ್ಞಾನೋದಯದಿಂದಲೂ ಅಲ್ಲ. ಗೋಡೆಯ ಕ್ಯಾಲೆಂಡರ್ ಮೇಲೆ ಒಂದೊಂದು ದಿನಕ್ಕೆ ಒಂದೊಂದು ಅಡ್ಡಗೆರೆ ಎಳೆದೇ ಬಿಟ್ಟಿದ್ದು. ನಲವತ್ತೊಂದನೇ ದಿನ ಅಂಗಡಿ ಮುಂದೆ ನಿಂತು ಜೇಬಿಗೆ ಕೈ ಹಾಕಿದ್ದೆ. ನಲವತ್ತು ಗೆರೆ ಹಾಳಾಗುತ್ತಲ್ಲ ಅಂತ ವಾಪಸ್ ಬಂದೆ. ಆವತ್ತು ಯಾರಾದ್ರೂ "ನಿನ್ನ ಮೇಲೆ ನೀನೇ ಒತ್ತಡ ಹಾಕ್ಕೋಬೇಡಪ್ಪ" ಅಂದಿದ್ರೆ ಇವತ್ತಿಗೂ ಸೇದ್ತಿರ್ತಿದ್ದೆ.

ಶಿಸ್ತು ಅಂದ್ರೆ ಈಗಿನವರಿಗೆ ಬೈಗುಳ ಆಗಿಬಿಟ್ಟಿದೆ.


ಅರ್ಧದಾರಿ:

ಸರ್, ನೀವು ಗೆರೆ ಎಳೆದಿದ್ದು ಒಂದೇ ವಿಷಯಕ್ಕೆ. ಇವರದ್ದು ಹನ್ನೊಂದು.


ಗಟ್ಟಿಪಟ್ಟು:

ಅದನ್ನ ಒಪ್ಪಿದೆ.


ರಾತ್ರಿಪಾಳಿ:

ನಾನು ನರ್ಸ್. ತಿಂಗಳಲ್ಲಿ ಎಂಟು ಹತ್ತು ರಾತ್ರಿ ಡ್ಯೂಟಿ ಇರುತ್ತೆ. 'ಬೆಳಿಗ್ಗೆ ಐದಕ್ಕೆ ಏಳಿ' ಅನ್ನೋ ವಿಡಿಯೊ ನಾನು ನೋಡೋದು ಬೆಳಿಗ್ಗೆ ಐದಕ್ಕೆ, ಇನ್ನೂ ಮಲಗದೇ ಇದ್ದಾಗ. ಆದರೂ ಎರಡು ವರ್ಷ ಅದನ್ನ ನೋಡಿ ನೋಡಿ ತಪ್ಪಿತಸ್ಥೆ ಥರ ಇದ್ದೆ. ಪಟ್ಟಿ ಬರೆದವರು ನನ್ನಂಥವರ ದಿನ ನೋಡಿ ಬರೆದಿಲ್ಲ ಅಂತ ಹೊಳೆಯೋಕೆ ಅಷ್ಟು ಕಾಲ ಬೇಕಾಯ್ತು.

ಆಮೇಲೆ ನಿದ್ದೆ ಅಳೆಯೋ ವಾಚ್ ತಗೊಂಡೆ. ಅದು ಇನ್ನೂ ಮಜಾ. ಎದ್ದಾಗ ಮೈ ಹಗುರ ಇರುತ್ತೆ, ವಾಚ್ ನೋಡಿದ್ರೆ 58 ಅಂಕ. ಅಲ್ಲಿಂದ ಸುಸ್ತು ಶುರು. ಹಾಸಿಗೆಯಲ್ಲಿ ಬಿದ್ದುಕೊಂಡು 'ಈಗ ನಿದ್ದೆ ಬರಲೇಬೇಕು' ಅಂತ ಕೂತ್ರೆ ಯಾರಿಗೆ ನಿದ್ದೆ ಬರುತ್ತೆ? 2017ರಲ್ಲಿ ಅಮೆರಿಕದ ನಿದ್ರಾತಜ್ಞರು ಈ ಗೀಳಿಗೆ 'ಆರ್ಥೋಸೋಮ್ನಿಯಾ' ಅಂತ ಹೆಸರಿಟ್ಟಿದ್ದಾರೆ. ವಾಚ್ ಕೊಡೋ ಅಂಕ ಸರಿಮಾಡೋಕೆ ಹೋಗಿ ನಿದ್ದೆ ಇನ್ನಷ್ಟು ಕೆಡಿಸಿಕೊಂಡು ಅವರ ಹತ್ರ ಬಂದವರನ್ನ ನೋಡಿ ಬರೆದದ್ದು. ಓದಿದಾಗ ನನ್ನದೇ ಕೇಸ್ ಶೀಟ್ ಓದಿದ ಹಾಗಾಯ್ತು. ವಾಚ್ ಈಗ ತಮ್ಮನ ಹತ್ರ ಇದೆ. ಪಾಪ.


ಸುಮ್ನಿರಪ್ಪ:

ತಪ್ಪ್ ತಿಳ್ಕೋಬ್ಯಾಡ್ರಿ ಅಕ್ಕಾರ. ತಣ್ಣೀರ್ ಸ್ನಾನ ಯಾರ್ ಹೇಳಿದ್ರು ನಿಮಗ? ಅವರನ್ನ ಒಂದ್ ಸಲ ಕರಸ್ರಿ, ನಾನೂ ಮಾತಾಡೋದದ.


ಸಂಜೆಬಿಸಿಲು:

ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತೇನೆ. ಪಾಠದ ಧಾಟಿ ಬಂದರೆ ಸಹಿಸಿಕೊಳ್ಳಿ.

ಖಾಲಿಪುಟ ಅವರು 'ಯಾರೂ ಹೇರಿಲ್ಲ' ಎಂದಿದ್ದಾರಲ್ಲ, ಅದರ ಬಗ್ಗೆ ಒಂದು ಮಾತು. ಕರೆನ್ ಹಾರ್ನಿ ಎಂಬ ಮನೋವಿಶ್ಲೇಷಕಿ 1950ರಷ್ಟು ಹಿಂದೆಯೇ ಇದಕ್ಕೆ ಒಂದು ಹೆಸರು ಕೊಟ್ಟಿದ್ದರು. ಅದನ್ನು ಕನ್ನಡಕ್ಕೆ ತಂದರೆ 'ಬೇಕುಗಳ ದಬ್ಬಾಳಿಕೆ' ಎನ್ನಬಹುದು. ಹೀಗಿರಬೇಕು, ಹಾಗೆ ಮಾಡಬೇಕು, ಇಷ್ಟಾದರೂ ಆಗಬೇಕು ಎಂದು ಒಳಗೇ ಕೂತು ಆಜ್ಞೆ ಕೊಡುವ ದನಿ. ಮುಂದೆ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಮನಃಶಾಸ್ತ್ರಜ್ಞರು ಇದನ್ನು ಇನ್ನಷ್ಟು ಬಿಡಿಸಿದರು. ಹೊರಗಿನ ನಿಯಮವೊಂದನ್ನು ಅಗಿಯದೆ ನುಂಗಿಬಿಟ್ಟರೆ ಅದು ನಮ್ಮದೇ ಎಂದು ಅನ್ನಿಸುತ್ತದೆ, ಆದರೆ ಜೀರ್ಣವಾಗಿರುವುದಿಲ್ಲ. ಮಾಡಿದಾಗ ಖುಷಿಯಾಗುವುದಿಲ್ಲ, ಸದ್ಯ ತಪ್ಪಲಿಲ್ಲವಲ್ಲ ಎಂಬ ನಿರಾಳ ಅಷ್ಟೇ.

ನನ್ನ ವಿದ್ಯಾರ್ಥಿಗಳಿಗೆ ನಾನು ಮಾಡಿಸುವ ಒಂದು ಸಣ್ಣ ಆಟವಿದೆ. ಕನ್ನಡದಲ್ಲಿ 'ಬೇಕು' ಎಂಬ ಒಂದೇ ಪದ ಎರಡು ಕಡೆ ದುಡಿಯುತ್ತದೆ. 'ನಾನು ನಡೆಯಬೇಕು' ಎಂದರೆ ಕಟ್ಟಳೆ. 'ನನಗೆ ನಡಿಗೆ ಬೇಕು' ಎಂದರೆ ಆಸೆ. ನಿಮ್ಮ ಹನ್ನೊಂದನ್ನೂ ಎರಡನೆಯ ರೂಪದಲ್ಲಿ ಬರೆದು, ಒಬ್ಬರೇ ಇದ್ದಾಗ ಗಟ್ಟಿಯಾಗಿ ಓದಿ. ಯಾವುದು ಸುಳ್ಳೆಂದು ಕಿವಿಗೇ ಗೊತ್ತಾಗುತ್ತದೆ.


ಖಾಲಿಪುಟ:

ಮೇಡಂ (ಸರ್?), ಈಗಷ್ಟೇ ಬಾತ್‌ರೂಮ್ ಬಾಗಿಲು ಹಾಕ್ಕೊಂಡು ಓದಿ ಬಂದೆ.

'ನನಗೆ ತಣ್ಣೀರು ಬೇಕು' ಅನ್ನೋವಾಗಲೇ ನಗು ಬಂತು. 'ನನಗೆ ಮೂರು ಸಾಲು ಕೃತಜ್ಞತೆ ಬೇಕು' ಅಂತೂ ಅರ್ಜಿ ಬರೆದ ಹಾಗಿತ್ತು. ಆ ಕಾಲಂನಲ್ಲಿ ಏನು ಬರೆದಿದೀನಿ ಅಂತ ಆಮೇಲೆ ತೆಗೆದು ನೋಡಿದೆ. ನಾಲ್ಕು ದಿನ ಸತತವಾಗಿ 'ಆರೋಗ್ಯ, ಕುಟುಂಬ, ಮಳೆ'. ಆ ನಾಲ್ಕು ದಿನ ಮಳೆ ಬಂದಿತ್ತೋ ಇಲ್ಲವೋ ನೆನಪಿಲ್ಲ.

'ನನಗೆ ಓದು ಬೇಕು' ಅನ್ನೋದು ನಿಜ ಅನ್ನಿಸ್ತು. ಆದರೆ ಇಪ್ಪತ್ತು ಪುಟ ಅಂತ ಸೇರಿಸಿದ ತಕ್ಷಣ ಸುಳ್ಳಾಯ್ತು. ಯಾಕೆ ಅಂದ್ರೆ ಪುಟ ಮುಗಿಸೋ ಆತುರದಲ್ಲಿ ನಾನು ಸಣ್ಣಸಣ್ಣ ಪುಸ್ತಕ, ದೊಡ್ಡ ಅಕ್ಷರದ ಪುಸ್ತಕ ಹುಡುಕೋಕೆ ಶುರು ಮಾಡಿದ್ದೆ. ಒಂದು ದಪ್ಪ ಕಾದಂಬರಿ ಓದೋ ಆಸೆ ಎರಡು ವರ್ಷದಿಂದ ಇದೆ. ಸಣ್ಣ ಅಕ್ಷರ, ಒತ್ತೊತ್ತು ಸಾಲು. ಇಪ್ಪತ್ತು ಪುಟಕ್ಕೆ ಒಂದೂವರೆ ಗಂಟೆ ಹಿಡಿಯುತ್ತೆ ಅಂತ ಮುಟ್ಟೇ ಇರಲಿಲ್ಲ.

ಇನ್ನೊಂದು. ಬಾಯಿಗೆ ತಾನಾಗೇ ಬಂದಿದ್ದು 'ನನಗೆ ನಿದ್ದೆ ಬೇಕು'. ಅದು ಆ ಹನ್ನೊಂದರಲ್ಲಿ ಇಲ್ಲವೇ ಇಲ್ಲ.


ಮೂರುಗುಳಿಗೆ:

ಆಟ ಚೆನ್ನಾಗಿದೆ. ಆದರೆ ಇದನ್ನೇ ಹಿಡಿದು ಹೊರಟ್ರೆ ಅಪಾಯ ಇದೆ, ಅನುಭವಸ್ಥ ಹೇಳ್ತಿದೀನಿ. ನನಗೆ ಬಿಪಿ, ಶುಗರ್ ಎರಡೂ. 'ನನಗೆ ಮಾತ್ರೆ ಬೇಕು' ಅಂತ ಯಾವನಿಗೆ ಅನ್ನಿಸುತ್ತೆ? ಎರಡು ವರ್ಷದ ಹಿಂದೆ ನಾನೂ ಹೀಗೇ 'ಎಲ್ಲ ಒತ್ತಡ ಬಿಟ್ಟು ಹಾಯಾಗಿರೋಣ' ಅಂತ ಹೊರಟು, ಬಿಡೋದರ ಜೊತೆ ಬಿಪಿ ಮಾತ್ರೆಯನ್ನೂ ಬಿಟ್ಟಿದ್ದೆ. ಏನೂ ಗೊತ್ತಾಗಲ್ಲ, ಅದರ ಸ್ವಭಾವವೇ ಅದು. ಮೂರು ತಿಂಗಳು ಹಾಯಾಗಿಯೇ ಇದ್ದೆ. ಆಮೇಲೆ ಒಂದು ದಿನ ಎಡಗೈ ಜೋಮು ಹಿಡಿದು, ಮಾತು ತೊದಲಿ, ಆಸ್ಪತ್ರೆ. ಅರ್ಧ ಗಂಟೆಯಲ್ಲಿ ಸರಿಹೋಯ್ತು. ಡಾಕ್ಟರು "ಇದು ನೋಟೀಸು, ಮುಂದಿನ ಸಲ ನೋಟೀಸು ಬರಲ್ಲ" ಅಂದ್ರು.

ಆದ್ದರಿಂದ ಕೆಲವನ್ನ ಆ ಪುಸ್ತಕಕ್ಕೆ ಸೇರಿಸಲೂಬೇಡಿ, ಅದರಿಂದ ತೆಗೆಯಲೂಬೇಡಿ. ಚಪ್ಪಲಿ ಹಾಕ್ಕೊಳ್ಳೋದಕ್ಕೆ ಟಿಕ್ ಹಾಕ್ತೀವಾ?


ಸಂಜೆಬಿಸಿಲು:

ಒಳ್ಳೆಯ ತಡೆ ಹಾಕಿದಿರಿ, ಬೇಕಿತ್ತು. ನನ್ನ ಆಟ ಅಲ್ಲಿ ಕೈಕೊಡುತ್ತದೆ, ನಿಜ. ಒಂದು ಪ್ರಶ್ನೆ ಕೇಳಲೇ? ಮಾತ್ರೆ ಬೇಡ ಸರಿ, ಆ ಮಾತ್ರೆಯ ಆಚೆ ನಿಮಗೆ ಬೇಕಾದದ್ದು ಏನು?


ಮೂರುಗುಳಿಗೆ:

ಮೊಮ್ಮಗನಿಗೆ ಈಜು ಕಲಿಸಬೇಕು ಅಂತಿದೆ. ಅವನಿಗೀಗ ನಾಲ್ಕು. ಓ, ಅರ್ಥವಾಯ್ತು ಬಿಡಿ.


ಗಟ್ಟಿಪಟ್ಟು:

ನನ್ನ ನಲವತ್ತು ಗೆರೆಯೂ ಹಾಗೇ ಇರಬೇಕು. ಕ್ಯಾಲೆಂಡರ್ ಪಕ್ಕದಲ್ಲಿ ಅಪ್ಪನ ಫೋಟೊ ಇತ್ತು. ಅವರು ಹೋಗಿದ್ದು ಶ್ವಾಸಕೋಶದ ಕ್ಯಾನ್ಸರ್‌ನಿಂದ. ಅದನ್ನ ಬರೆಯೋದು ಬೇಡ ಅಂತ ಮೊದಲು ಬಿಟ್ಟಿದ್ದೆ.


ಮತ್ತೆಮೊದಲಿಂದ:

ನಾನು ಇಲ್ಲಿ ಚಿಕ್ಕವನು, ಪದವಿ ಓದ್ತಿದೀನಿ. ನನ್ನದು ಉಲ್ಟಾ ಸಮಸ್ಯೆ. ನನಗೆ ಬಿಡೋಕೆ ಏನೂ ಇಲ್ಲ, ಯಾವುದೂ ಹಿಡಿತಾನೇ ಇಲ್ಲ. ಆರಂಭಶೂರ ಅಂತ ಅಮ್ಮ ಹೆಸರಿಟ್ಟಿದ್ದಾರೆ. '21 ದಿನದಲ್ಲಿ ಅಭ್ಯಾಸ' ಅನ್ನೋ ಸವಾಲು ಮೂರು ಸಲ ತಗೊಂಡೆ. ಒಂಬತ್ತು, ಹದಿನಾಲ್ಕು, ಆರು. ಒಂದು ದಿನ ತಪ್ಪಿದ್ರೆ ಮತ್ತೆ ಒಂದರಿಂದ ಎಣಿಸಬೇಕು ಅಂತ ಅದರ ನಿಯಮ. ಆರನೇ ದಿನ ತಪ್ಪಿದಾಗ ಹಾಳಾಗಿ ಹೋಗ್ಲಿ ಅಂತ ಆ ವಾರ ಪೂರ್ತಿ ಮಲಗಿಬಿಟ್ಟೆ. ನನ್ನಲ್ಲೇ ಏನೋ ಕೊರತೆ ಇದೆಯಾ?


ಅರ್ಧದಾರಿ:

ತಮ್ಮಾ, 21ರ ಜಾತಕವೂ ಹತ್ತು ಸಾವಿರದ್ದೇ ಥರ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅಂತ ಪ್ಲಾಸ್ಟಿಕ್ ಸರ್ಜನ್ ಒಬ್ಬರಿದ್ರು. ಶಸ್ತ್ರಚಿಕಿತ್ಸೆ ಆದವರು ಕನ್ನಡಿಯಲ್ಲಿ ಕಾಣೋ ಹೊಸ ಮುಖಕ್ಕೆ ಒಗ್ಗಿಕೊಳ್ಳೋಕೆ ಕಡಿಮೆ ಅಂದ್ರೂ 21 ದಿನ ಬೇಕಾಗುತ್ತೆ ಅಂತ 1960ರಲ್ಲಿ ಬರೆದ್ರು. ಜನ 'ಕಡಿಮೆ ಅಂದ್ರೂ' ಅನ್ನೋದನ್ನ ಉದುರಿಸಿದ್ರು, ಮೂಗನ್ನೂ ಉದುರಿಸಿದ್ರು, 21 ಮಾತ್ರ ಉಳೀತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನ 12 ವಾರ ಗಮನಿಸಿದ್ರು. ಒಂದು ಸಣ್ಣ ಕೆಲಸ ಯೋಚಿಸದೆ ತಾನಾಗೇ ಆಗೋ ಮಟ್ಟಕ್ಕೆ ಬರೋಕೆ ಒಬ್ಬರಿಗೆ 18 ದಿನ ಸಾಕಾದ್ರೆ, ಇನ್ನೊಬ್ಬರಿಗೆ 254 ದಿನ ಬೇಕಾಗಬಹುದು ಅಂತ ಅಂದಾಜು ಲೆಕ್ಕ ಸಿಕ್ತು. ಮಧ್ಯದ ಅಂಕಿ 66. ನಿನಗೆ ಮುಖ್ಯವಾಗಿದ್ದು ಇನ್ನೊಂದಿದೆ: ಮಧ್ಯೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೇರೂರೋದಕ್ಕೆ ಹೇಳಿಕೊಳ್ಳೋ ಅಂಥ ಪೆಟ್ಟೇನೂ ಬಿದ್ದಿರಲಿಲ್ಲ. ಮತ್ತೆ ಒಂದರಿಂದ ಅನ್ನೋ ನಿಯಮ ಸವಾಲು ಮಾಡಿದವರದ್ದು, ನಿನ್ನ ಮೆದುಳಿನದ್ದಲ್ಲ.


ಸಂಜೆಬಿಸಿಲು:

ಮತ್ತು ಆ 'ಹಾಳಾಗಿ ಹೋಗ್ಲಿ' ನಿಮ್ಮ ಕೊರತೆಯಲ್ಲ. ಅದಕ್ಕೆ ನಮ್ಮ ಶಾಸ್ತ್ರದಲ್ಲಿ ಹೆಚ್ಚುಕಡಿಮೆ ಅದೇ ಹೆಸರಿದೆ, ತಮಾಷೆ ಮಾಡುತ್ತಿಲ್ಲ. ಜಾನೆಟ್ ಪೊಲಿವಿ, ಪೀಟರ್ ಹರ್ಮನ್ ಎಂಬಿಬ್ಬರು ಪಥ್ಯದಲ್ಲಿರುವವರನ್ನು ಅಭ್ಯಸಿಸುತ್ತಿದ್ದರು. ಮೊದಲೇ ಏನಾದರೂ ಕೊಟ್ಟು ಪಥ್ಯ ಮುರಿಸಿದರೆ, ಆಮೇಲೆ ಅವರು ಕಡಿಮೆ ತಿನ್ನುವ ಬದಲು ಇನ್ನೂ ಹೆಚ್ಚು ತಿನ್ನುತ್ತಿದ್ದರು. ಹೇಗೂ ಇವತ್ತಿನ ದಿನ ಕೆಟ್ಟಿತಲ್ಲ ಎಂದು. ನಿಯಮ ಗಾಜಿನಷ್ಟು ಬಿಗಿಯಾಗಿದ್ದರೆ ಒಂದು ಬಿರುಕಿಗೇ ಪೂರ್ತಿ ಹೋಗುತ್ತದೆ.


ಮತ್ತೆಮೊದಲಿಂದ:

ಥ್ಯಾಂಕ್ಸ್ ಮೇಡಂ, ಥ್ಯಾಂಕ್ಸ್ ಅಣ್ಣ. ಅಮ್ಮನಿಗೂ ತೋರಿಸಿದೆ. "ಇದು ಸೋಮಾರಿಗಳಿಗೆ ಒಳ್ಳೆ ನೆಪ" ಅಂದ್ರು.


ರಾತ್ರಿಪಾಳಿ:

ಅಮ್ಮನ ಮಾತೂ ಪೂರ್ತಿ ತಪ್ಪಲ್ಲ ಕಣಪ್ಪ. ತಪ್ಪಿದ ಮರುದಿನ ಏನು ಮಾಡ್ತೀಯ ಅನ್ನೋದರ ಮೇಲೆ ಇದೆ. ನಂಗೆ ಹೊಂದಿದ್ದು ಹೇಳ್ತೀನಿ: ಗಂಟೆ ಹೇಳಬೇಡ, ಯಾವುದಾದ ಮೇಲೆ ಅಂತ ಹೇಳು. ನನ್ನ ಪಾಳಿ ವಾರವಾರ ಬದಲಾಗುತ್ತೆ, 'ಆರು ಗಂಟೆಗೆ ವ್ಯಾಯಾಮ' ಅಂದ್ರೆ ಆರು ಯಾವ ಆರು? 'ಯೂನಿಫಾರ್ಮ್ ಬಿಚ್ಚಿದ ಮೇಲೆ ಹತ್ತು ನಿಮಿಷ ಬೆನ್ನು ಸಡಿಲಿಸೋದು' ಅಂತ ಮಾಡ್ಕೊಂಡೆ. ಯೂನಿಫಾರ್ಮ್ ಅಂತೂ ಬಿಚ್ಚಲೇಬೇಕಲ್ಲ.

ಹತ್ತು ನಿಮಿಷವೂ ಆಗದ ದಿನ ಎರಡು ನಿಮಿಷ. ಒಂದೇ ಹೊತ್ತಿಗೆ ಕನಿಷ್ಠ ಹತ್ತು ನಿಮಿಷ ಆದ್ರೆ ಮಾತ್ರ ಲೆಕ್ಕ ಅನ್ನೋ ಹಳೇ ಷರತ್ತನ್ನ ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿದೆ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಓಡಾಟ ಅಂತಾರೆ, ತುಣುಕು ತುಣುಕಾಗಿ ಬಂದ್ರೂ ಆಗುತ್ತೆ. ಮೆಟ್ಟಿಲು ಹತ್ತೋದೂ ಸೇರುತ್ತೆ.


ಬರೀಓದ್ತೀನಿ:

ನಾನು ಸಾಮಾನ್ಯವಾಗಿ ಇಲ್ಲಿ ಏನೂ ಬರೆಯಲ್ಲ. ಒಂದು ವಿಷಯ ಕೊರೀತಿದೆ. ಇವೆಲ್ಲ ಆರಿಸಿಕೊಳ್ಳೋ ಅವಕಾಶ ಇದ್ದವರ ಮಾತು. ನನ್ನ ಅತ್ತೆ ಹಾಸಿಗೆ ಹಿಡಿದು ಮೂರು ವರ್ಷ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲಾಂದ್ರೆ ಬೆನ್ನಲ್ಲಿ ಹುಣ್ಣಾಗುತ್ತೆ. ನನ್ನ ದಿನದಲ್ಲಿ 'ನನಗೆ ಬೇಕು' ಅನ್ನೋದಕ್ಕೆ ಜಾಗ ಇಲ್ಲ. ಆದರೂ ಮಧ್ಯೆ ಫೋನ್ ನೋಡಿದಾಗ ಯಾರೋ ಓಡ್ತಿರ್ತಾರೆ, ಯಾರೋ ಓದ್ತಿರ್ತಾರೆ. ನಾನು ಏನೂ ಮಾಡ್ತಿಲ್ಲ ಅನ್ನಿಸಿ ಅಳು ಬರುತ್ತೆ.


ರಾತ್ರಿಪಾಳಿ:

ಅಕ್ಕ, ನಾವು ವಾರ್ಡಿನಲ್ಲಿ ಇದೇ ಕೆಲಸವನ್ನ ಮೂರು ಪಾಳಿಯಲ್ಲಿ ಹಂಚಿಕೊಂಡು ಮಾಡ್ತೀವಿ. ನೀವು ಒಬ್ಬರೇ ಮಾಡ್ತಿದೀರ, ಮೂರು ವರ್ಷ ಹುಣ್ಣಾಗದ ಹಾಗೆ. ಏನೂ ಮಾಡ್ತಿಲ್ಲ ಅಂತ ಇನ್ನೊಂದ್ಸಲ ಬರೀಬೇಡಿ. ವಾರಕ್ಕೆ ಒಂದು ಮಧ್ಯಾಹ್ನವಾದ್ರೂ ಮನೆಯಲ್ಲಿ ಬೇರೆ ಯಾರಾದ್ರೂ ಅವರನ್ನ ನೋಡಿಕೊಳ್ಳೋ ಹಾಗೆ ಆಗುತ್ತಾ? ಮಗ್ಗುಲು ಬದಲಿಸೋದು ಕಲಿಸೋಕೆ ಅರ್ಧ ಗಂಟೆ ಸಾಕು. ಯಜಮಾನರಿಗೆ ಕಲಿಸಿ. ಬೆನ್ನಿಗೆ ಪೆಟ್ಟಾಗದ ಹಾಗೆ ಬೆಡ್‌ಶೀಟ್ ಹಿಡಿದು ತಿರುಗಿಸೋದು ಹೇಗೆ ಅಂತ ಬೇಕಾದ್ರೆ ಮೆಸೇಜ್ ಮಾಡಿ, ವಿವರವಾಗಿ ಹೇಳ್ತೀನಿ.


ಬರೀಓದ್ತೀನಿ:

ಮಾಡ್ತೀನಿ. ಥ್ಯಾಂಕ್ಸ್.


ಖಾಲಿಪುಟ:

ಇಷ್ಟು ದಿನ ಆದ್ಮೇಲೆ ಮತ್ತೆ ಬಂದೆ. ನಡುವೆ ಕೇಳಿದವರಿಗೆಲ್ಲ ಒಟ್ಟಿಗೆ ಉತ್ತರ.

ಪುಸ್ತಕ ತೆರೆಯಲಿಲ್ಲ. ಮೊದಲ ಎರಡು ವಾರ ಏನನ್ನೂ ಆರಿಸಬಾರದು, ಯಾವುದು ತಾನಾಗೇ ವಾಪಸ್ ಬರುತ್ತೆ ನೋಡೋಣ ಅಂದುಕೊಂಡೆ. ಧ್ಯಾನ ಬರಲಿಲ್ಲ. ತಣ್ಣೀರು ಬರಲಿಲ್ಲ (ಸುಮ್ನಿರಪ್ಪ ಅವರಿಗೆ ಸಮಾಧಾನ ಆಗಿರಬೇಕು). ಪುಷ್‌ಅಪ್ ಬಿಟ್ಟದ್ದು ಗೊತ್ತೇ ಆಗಲಿಲ್ಲ. ನೀರು ಬಾಯಾರಿದಾಗ ಕುಡಿದೆ. ಡ್ಯುಯೊಲಿಂಗೊ ಸರಣಿ 412ರಲ್ಲಿ ಮುರೀತು. ಆ ರಾತ್ರಿ ಮಾತ್ರ ನಿಜವಾಗಿ ಸಂಕಟ ಆಯ್ತು, ಸುಳ್ಳು ಹೇಳಲ್ಲ. 412 ದಿನ ಕಲಿತ ಆ ಭಾಷೆಯಲ್ಲಿ ಯಾರ ಜೊತೆ ಮಾತಾಡೋಣ ಅಂತಿದ್ದೆ ಅಂತ ಯೋಚಿಸಿದೆ. ಯಾರೂ ಹೊಳೆಯಲಿಲ್ಲ.

ನಡಿಗೆ ಐದನೇ ದಿನಕ್ಕೇ ವಾಪಸ್ ಬಂತು. ಸಂಜೆ ಆಗ್ತಿದ್ದ ಹಾಗೆ ಕಾಲು ತಾನಾಗಿ ಚಡಪಡಿಸ್ತು. ಈಗ ಮಗಳೂ ಬರ್ತಾಳೆ. ಅವಳು ಪ್ರತಿ ಹತ್ತು ಹೆಜ್ಜೆಗೆ ನಿಂತು ಏನಾದ್ರೂ ನೋಡ್ತಾಳೆ, ಇರುವೆ ಸಾಲು, ಯಾರದ್ದೋ ಗೇಟು, ಸೈಕಲ್ ಚೈನ್. ಮುಂಚೆ ಆಗಿದ್ರೆ ಹೆಜ್ಜೆ ಕಡಿಮೆ ಆಗುತ್ತೆ ಅಂತ ಎಳ್ಕೊಂಡು ಹೋಗ್ತಿದ್ದೆ. ವಾಚ್ ಡ್ರಾಯರ್‌ನಲ್ಲಿದೆ.

ಎರಡನೆಯದು ಹತ್ತೂವರೆಗೆ ಮಲಗೋದು. ಇದು ತಾನಾಗಿ ಬರಲಿಲ್ಲ, ಇದನ್ನ ನಾನೇ ಹಟ ಹಿಡಿದು ತಂದುಕೊಂಡೆ. ಗಟ್ಟಿಪಟ್ಟು ಸರ್, ಇಲ್ಲಿ ನಿಮ್ಮ ಮಾತು ಉಪಯೋಗಕ್ಕೆ ಬಂತು. ಐದಕ್ಕೆ ಏಳೋದು ಹೋಯ್ತು, ಆರೂಕಾಲಿಗೆ ಅಲಾರಂ ಇಲ್ಲದೇ ಎಚ್ಚರ ಆಗ್ತಿದೆ. ತಿಂಗಳುಗಟ್ಟಲೆ ಇದ್ದ ಮಧ್ಯಾಹ್ನದ ತಲೆನೋವು ಕಾಣ್ತಿಲ್ಲ. ಅದಕ್ಕೆ ಮೂರು ಲೀಟರ್ ನೀರು ಕುಡೀತಿದ್ದೆ ನಾನು.

ಮೂರನೆಯದು ಆ ದಪ್ಪ ಕಾದಂಬರಿ. ನಿನ್ನೆ ನಾಲ್ಕು ಪುಟ, ಮೊನ್ನೆ ಸೊನ್ನೆ, ಆಚೆ ಮೊನ್ನೆ ನಲವತ್ತು. ನೂರ ತೊಂಬತ್ತರಲ್ಲಿದೀನಿ.

ಇಷ್ಟೇ. ಮೂರೇ ಅಂದ್ರೆ ಕಡಿಮೆ ಆಯ್ತೇನೋ ಅಂತ ಮೊನ್ನೆ ನಾಲ್ಕನೆಯದೊಂದು ಸೇರಿಸೋಕೆ ಪೆನ್ನು ತಗೊಂಡಿದ್ದೆ. ಹಸಿರು ಪೆನ್ನು. ಮಗಳು ಚಿತ್ರ ಬರೆಯೋಕೆ ಬೇಕು ಅಂತ ಕಿತ್ಕೊಂಡು ಹೋದಳು.


ಮತ್ತೆಮೊದಲಿಂದ:

ಸೂಪರ್ ಅಕ್ಕ. ಪುಸ್ತಕ ಮುಚ್ಚಿ ಎಷ್ಟು ದಿನ ಆಯ್ತು ಈಗ?


ಖಾಲಿಪುಟ:

'ಎಣಿಸ್ತಿಲ್ಲಪ್ಪ' ಅಂತ ಟೈಪ್ ಮಾಡಿ ಅಳಿಸಿದೆ. 53.